ನಲವತ್ತೊಂದನೇ ನಂಬರಿನವರು

ಆ ಬುಧವಾರ ಬೆಳಗ್ಗೆ ಮೇಲ್ವಿಚಾರಕಿಯ ಮೇಜಿನ ಮೇಲೆ ಉಳಿದಿದ್ದದ್ದು ಒಂದೇ ಒಂದು ಹಾಳೆ. ಕುಡಿತ ಬಿಡಿಸುವ ಆ ಕೇಂದ್ರದಲ್ಲಿ ಆರು ಮಂದಿ ಆಪ್ತಸಮಾಲೋಚಕರಿದ್ದರು. ಅವರು ಮಾಡುವ ಕೆಲಸವನ್ನು ನೋಡಿಕೊಳ್ಳುವುದು ಅವಳ ಕೆಲಸ. ಮೂರು ತಿಂಗಳಿಗೊಮ್ಮೆ ಒಬ್ಬೊಬ್ಬರಿಗೂ ಒಂದೊಂದು ಹಾಳೆ. ಅದರಲ್ಲಿ ‘ಕ್ಲೈಂಟುಗಳನ್ನು ನೋಡಲು ಯೋಗ್ಯರು’, ‘ಯೋಗ್ಯರಲ್ಲ’ ಎಂಬ ಎರಡು ಚೌಕಗಳು. ಒಂದಕ್ಕೆ ಗುರುತು ಹಾಕಿ, ಸಹಿ ಮಾಡಿ, ಸಂಜೆ ನಾಲ್ಕರೊಳಗೆ ಸಮಿತಿಗೆ ಕಳಿಸಬೇಕು. ಐದು ಮುಗಿದಿದ್ದವು. ಆರನೆಯದು ಮಾವನದು.

ಮಾವ ಅಲ್ಲಿ ಯಾರಿಗೂ ಸಂಬಂಧದಲ್ಲಿ ಮಾವನಲ್ಲ. ಬಂದವರನ್ನೆಲ್ಲ “ಬಾರಪ್ಪಾ ಅಳಿಯ, ಕೂತ್ಕೋ” ಎಂದೇ ಬರಮಾಡಿಕೊಳ್ಳುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ವಯಸ್ಸು ಐವತ್ತೆರಡು. ಒಂದು ಕಾಲಕ್ಕೆ ಇದೇ ಕೇಂದ್ರದ ಮಂಚದ ಮೇಲೆ ನಡುಗುತ್ತ ಮಲಗಿದ್ದವರು. ಕುಡಿತ ಬಿಟ್ಟು ಒಂಬತ್ತು ವರ್ಷವಾಗಿತ್ತು. ದೊಡ್ಡ ದೊಡ್ಡ ಪದವಿ ಇದ್ದವರ ಮುಂದೆ ಗುಮ್ಮನಗುಸುಕನಂತೆ ಕೂರುತ್ತಿದ್ದ ಕ್ಲೈಂಟು ಮಾವನ ಎದುರು ಹತ್ತು ನಿಮಿಷದಲ್ಲಿ ಬಾಯಿ ಬಿಡುತ್ತಿದ್ದ. ಅವರ ಹಾಳೆಗೆ ಸಹಿ ಹಾಕಲು ಯೋಚಿಸಬೇಕಾದದ್ದೇನೂ ಇರಲಿಲ್ಲ. ಆದರೂ ಲೆಕ್ಕ ತಾಳೆ ನೋಡದೆ ಸಹಿ ಹಾಕುವ ಜಾಯಮಾನ ಅವಳದಲ್ಲ. ಹಿಂದಿನಿಂದ ಎಲ್ಲರೂ ತನ್ನನ್ನು ‘ಅಳತೆಪಟ್ಟಿ’ ಎನ್ನುತ್ತಾರೆಂಬುದು ಅವಳಿಗೆ ಗೊತ್ತಿತ್ತು. ಅದರಲ್ಲಿ ಅವಮಾನವೇನಿದೆ ಎಂಬುದು ಮಾತ್ರ ಗೊತ್ತಾಗಿರಲಿಲ್ಲ.

ಹಾಜರಿಯ ಅಂಕಿ ಕೇಳಲು ಅವಳು ಬಾಗಿಲ ಬಳಿಯ ರಿಜಿಸ್ಟರ್ ಅಕ್ಕನ ಕಿಟಕಿಗೆ ಹೋದಳು.

“ಅಕ್ಕಾ, ಮಾವನ ನಲವತ್ತೊಂದನೇ ನಂಬರಿನ ಕ್ಲೈಂಟು ಈ ತಿಂಗಳು ಎಷ್ಟು ಸಲ ಬಂದಿದಾರೆ?”

“ಸೊನ್ನೆ.”

“ಸೊನ್ನೆ ಹೇಗಾಗತ್ತೆ? ಪ್ರತಿ ವಾರ ಬರ್ತಿದಾರಲ್ಲ!”

“ನನ್ನ ಕಣ್ಣು ತಪ್ಪಿಸಿ ಈ ಬಾಗಿಲಲ್ಲಿ ಇರುವೆ ಕೂಡ ಒಳಗೆ ಹೋಗಲ್ಲ ಮೇಡಂ. ಆ ಮೆಕ್ಯಾನಿಕ್ ಬಂದು ಆರು ವಾರ ಆಯ್ತು. ತಗೊಳ್ಳಿ, ನೀವೇ ನೋಡಿ. ಸುಳ್ಳು ಹೇಳಿದ್ರೆ ನನ್ನ ಕನ್ನಡಕ ನಿಮಗೆ.”

ರಿಜಿಸ್ಟರಿನಲ್ಲಿ ನಲವತ್ತೊಂದರ ಸಾಲು ಆರು ವಾರದಿಂದ ಖಾಲಿಯಾಗಿತ್ತು.

ಅವಳು ಕೋಣೆಗೆ ಮರಳಿ ಕುಳಿತಳು. ಕಳೆದ ಐದು ಬುಧವಾರವೂ ಮಾವ ಎದುರಿನ ಇದೇ ಕುರ್ಚಿಯಲ್ಲಿ ಕುಳಿತು ನಲವತ್ತೊಂದನೇ ನಂಬರಿನ ಕಥೆಯನ್ನೇ ಹೇಳಿದ್ದರು. ಪ್ರತಿ ವಾರ ಒಂದು ಗಂಟೆ ಹೀಗೆ ಕೂರುವುದು ಕೇಂದ್ರದ ಪದ್ಧತಿ: ಸಮಾಲೋಚಕರು ತಮಗೆ ಕಷ್ಟವೆನಿಸಿದ ಒಬ್ಬ ಕ್ಲೈಂಟಿನ ವಿಷಯವನ್ನು, ಹೆಸರು ಹೇಳದೆ, ನಂಬರಿನಿಂದಷ್ಟೇ ಅವಳ ಮುಂದಿಡಬೇಕು, ಅವಳು ದಾರಿ ಸೂಚಿಸಬೇಕು. ಬಾರದ ಮನುಷ್ಯನ ಬಗ್ಗೆ ಐದು ಗಂಟೆ ಮಾತನಾಡಿದ್ದು ಹೇಗೆ? ಮಾವ ಅವನನ್ನು ಹೊರಗೆಲ್ಲೋ ಭೇಟಿಯಾಗುತ್ತಿದ್ದಾರೆಯೇ? ಅದು ನಿಯಮಕ್ಕೆ ವಿರುದ್ಧ. ನಂಬರು ಅದಲುಬದಲಾಗಿದೆಯೇ? ಅವಳ ಉಸ್ತುವಾರಿಯಲ್ಲಿ ಅದು ಸಾಧ್ಯವಿಲ್ಲ. ಗಂಟೆ ತುಂಬಿಸಲು ಕಥೆ ಕಟ್ಟಿದರೇ? ಕಟ್ಟಿದ ಕಥೆಗೆ ಯಾರಾದರೂ ಅಷ್ಟು ಬೆವರುತ್ತಾರೆಯೇ?

ಅವಳು ತನ್ನದೇ ಟಿಪ್ಪಣಿಪುಸ್ತಕವನ್ನು ತೆರೆದಳು. ಎರಡು ತಿಂಗಳ ಹಿಂದಿನ ಪುಟದಲ್ಲಿ: ‘೪೧. ಮೆಕ್ಯಾನಿಕ್. ವಯಸ್ಸು ಮೂವತ್ತು. ತಾಯಿಯೊಂದಿಗೆ ವಾಸ. ಬಿಟ್ಟು ನಾಲ್ಕು ತಿಂಗಳು.’ ಐದು ವಾರದ ಹಿಂದೆ: ‘೪೧. ಅಕ್ಕ ತೀರಿಕೊಂಡ ಮೇಲೆ ಮತ್ತೆ ಕುಡಿದಿದ್ದಾರೆ. ಒಂಬತ್ತು ವರ್ಷದ ಶ್ರಮ ಮಣ್ಣುಪಾಲಾಯಿತೆಂಬ ದುಃಖ.’ ನಾಲ್ಕು ವಾರದ ಹಿಂದೆ: ‘ನಿನ್ನೆ ಎರಡನೇ ಸಲ ಕುಡಿದರು.’

ಒಂಬತ್ತು ವರ್ಷ. ಅವಳದೇ ಕೈಬರಹ, ಅವಳದೇ ನೀಲಿ ಶಾಯಿ. ‘ನಾಲ್ಕು ತಿಂಗಳು’ ಎಂಬುದು ಮೂರೇ ವಾರದಲ್ಲಿ ‘ಒಂಬತ್ತು ವರ್ಷ’ವಾದದ್ದನ್ನು ದಶಾಂಶವನ್ನೂ ಬಿಡದ ಅವಳು ನೋಡಿಯೇ ಇರಲಿಲ್ಲ. ಏಕೆಂದರೆ, “ವಿವರ ಬಿಡಿ, ನಿಮಗೆ ಏನನ್ನಿಸ್ತು ಅದನ್ನ ಹೇಳಿ” ಎಂದು ಎಲ್ಲರಿಗೂ ಕಲಿಸಿದವಳು ಅವಳೇ. ಆ ಗಂಟೆಯಲ್ಲಿ ಕೇಳಿಸಿಕೊಳ್ಳಬೇಕಾದದ್ದು ಸಂಗತಿಯನ್ನಲ್ಲ, ಸಮಾಲೋಚಕನ ಮನಸ್ಸನ್ನು. ಅವಳು ಮನಸ್ಸನ್ನೇ ಕೇಳಿಸಿಕೊಂಡಿದ್ದಳು. ಮಾವನ ಅಕ್ಕ ತೀರಿಕೊಂಡದ್ದು ಆ ಬೇಸಿಗೆಯಲ್ಲಿಯೇ. ಸಿಬ್ಬಂದಿಯೆಲ್ಲ ಹೋಗಿ ಮಾತನಾಡಿಸಿ ಬಂದಿದ್ದರು.

ಮತ್ತೆ ಕುಡಿದದ್ದು ಮೆಕ್ಯಾನಿಕ್ ಅಲ್ಲ, ಮಾವ. ಕೆಳಗಿನ ಸಾಲುಗಳು ಅದಕ್ಕಿಂತ ಕಷ್ಟದವು. ಮೂರು ವಾರದ ಹಿಂದೆ ಅವಳು ಕೊಟ್ಟ ಸಲಹೆ: ‘ಮೂವತ್ತು ದಿನ ಪೂರೈಸುವವರೆಗೆ ಕೆಲಸದ ಜಾಗದಲ್ಲಿ ಹೇಳಲೇಬೇಕೆಂಬ ಒತ್ತಡ ಬೇಡ. ಕೆಲಸ ಹೋದರೆ ಮನುಷ್ಯ ಪೂರ್ತಿ ಜಾರಬಹುದು.’ ಆ ಸಲಹೆಯ ಪ್ರಕಾರ ತನ್ನಿಂದಲೇ ವಿಷಯ ಮುಚ್ಚಿಡುವಂತೆ ಅವಳು ಮಾವನಿಗೆ ಹೇಳಿಕೊಟ್ಟಂತಾಗಿತ್ತು. ಹಾಗಾದರೆ ಮಾವ ತನಗೆ ಹೇಳಿದ್ದಾರೆಯೇ, ಹೇಳಿಲ್ಲವೇ? ತನಗೆ ಈ ವಿಷಯ ಐದು ವಾರದಿಂದ ಗೊತ್ತಿದೆಯೇ, ಇಂದು ಗೊತ್ತಾಯಿತೇ? ಕೈಕೆಳಗಿನವರಿಗೆ ತಾನೇ ಚಿಕಿತ್ಸೆ ಕೊಡಬಾರದೆಂಬುದು ಮೇಲ್ವಿಚಾರಣೆಯ ಮೊದಲ ನಿಯಮ. ಗೊತ್ತಿಲ್ಲದೆ ಕೊಟ್ಟರೆ?

ತನಗೆ ತರಬೇತಿ ಕೊಟ್ಟ ದೊಡ್ಡ ಡಾಕ್ಟರಿಗೆ ಅವಳು ಫೋನು ಮಾಡಿದಳು.

“ಸಾರ್, ಒಬ್ಬ ಮೇಲ್ವಿಚಾರಕಿ ಇದ್ದಾಳೆ ಅಂದ್ಕೊಳ್ಳಿ...”

“ಅಂದ್ಕೊಂಡೆ. ನೀನೇ ತಾನೆ?”

ಇನ್ನೊಬ್ಬರ ಹೆಸರಿನಲ್ಲಿ ತನ್ನ ಕಥೆ ಹೇಳುವುದು ಎಷ್ಟು ಸಲೀಸು ಎಂದು ಆಗ ಅವಳಿಗೆ ಹೊಳೆಯಿತು. ಬಳಿಕ ಎಲ್ಲವನ್ನೂ ಹೇಳಿದಳು.

“ಅವನಿಂದ ಯಾರಿಗಾದ್ರೂ ಪೆಟ್ಟು ಬಿದ್ದಿದೆಯಾ, ಅದನ್ನ ಮೊದಲು ನೋಡಮ್ಮ,” ಎಂದರು ಡಾಕ್ಟರು. “ನಿನ್ನ ತಪ್ಪು ಎಷ್ಟು, ಅವನ ತಪ್ಪು ಎಷ್ಟು ಅಂತ ಆಮೇಲೆ ಅಳೀತಾ ಕೂರು. ಪಟ್ಟಿ ಹೇಗೂ ನಿನ್ನ ಹತ್ರಾನೇ ಇದೆ.”

ಅಂದರೆ ಆ ಅಡ್ಡಹೆಸರು ಅಲ್ಲಿಯವರೆಗೂ ಹೋಗಿತ್ತು.

ಮೂರು ಗಂಟೆಗೆ ಮಾವ ಬಂದು ಎಂದಿನಂತೆ ಕುರ್ಚಿ ಎಳೆದುಕೊಂಡು ಕುಳಿತರು. ತೊಡೆಯ ಮೇಲೆ ಫೈಲು.

“ಇವತ್ತೂ ನಲವತ್ತೊಂದೇ ಮೇಡಂ. ಚೆನ್ನಾಗಿದಾನೆ ಆಸಾಮಿ. ಇವತ್ತಿಗೆ ಇಪ್ಪತ್ತೊಂಬತ್ತು ದಿನ.”

“ಮಾವ,” ಎಂದಳು ಅವಳು. “ನಲವತ್ತೊಂದನೇ ನಂಬರು ಆರು ವಾರದಿಂದ ಬಂದಿಲ್ಲ.”

ಮಾವ ಫೈಲಿನ ದಾರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

“ಅಕ್ಕನ ಕಿಟಕಿಗೆ ಹೋಗಿದ್ರಾ?”

“ಹೋಗಿದ್ದೆ.”

“ನಾಳೆ ಹೇಳ್ತಿದ್ದೆ ತಾಯಿ. ನಾಳೆಗೆ ಮೂವತ್ತು.”

“ನಿಜವಾಗ್ಲೂ ಹೇಳ್ತಿದ್ರಾ?”

“ಅದೇ ನನಗೂ ಗೊತ್ತಿಲ್ಲ ನೋಡಿ,” ಎಂದು ಮಾವ ನಕ್ಕರು; ನಗು ಅರ್ಧಕ್ಕೇ ನಿಂತಿತು. “ಮೊದಲನೇ ವಾರ ಅವನ ವಿಷಯಾನೇ ಹೇಳೋಣ ಅಂತ ಬಾಯಿ ತೆಗೆದೆ. ಬಂದಿದ್ದು ನನ್ನದು. ನೀವು ಎಷ್ಟು ಚೆನ್ನಾಗಿ ಕೇಳಿಸ್ಕೊಂಡ್ರಿ ಅಂದ್ರೆ, ಇದು ನಂದು ಅನ್ನೋಕೆ ನಾಲಿಗೆ ಏಳಲಿಲ್ಲ. ಅಷ್ಟು ಜನರ ಕೈಲಿ ಬಾಯಿ ಬಿಡಿಸಿದೋನು ನಾನು. ನನ್ನ ಬಾಯಿಗೇ ಬೀಗ.”

“ಕುಡಿದ ಮಾರನೇ ದಿನ ಕ್ಲೈಂಟುಗಳನ್ನ ನೋಡಿದ್ರಾ?”

“ಇಲ್ಲ. ಎರಡು ಸಲಾನೂ ಹೊಟ್ಟೆನೋವು ಅಂತ ಎಲ್ಲರನ್ನೂ ಮುಂದಕ್ಕೆ ಹಾಕಿದೆ. ಬೇಕಾದ್ರೆ ರಿಜಿಸ್ಟರ್ ನೋಡಿ. ಕುಡುಕ ನಿಜ, ಕಟುಕ ಅಲ್ಲ ನಾನು.”

ಅವಳು ಅದನ್ನು ಮಧ್ಯಾಹ್ನವೇ ನೋಡಿದ್ದಳು. ಆ ಎರಡು ದಿನ ಮಾವನ ಭೇಟಿಗಳೆಲ್ಲ ಮುಂದಕ್ಕೆ ಹೋಗಿದ್ದವು. ಇಪ್ಪತ್ತೊಂಬತ್ತು ದಿನ, ಯಾರಿಗೂ ಪೆಟ್ಟಿಲ್ಲ. ಅವಳ ಕೈ ಪೆನ್ನಿನ ಕಡೆಗೆ ಹೋಯಿತು. ‘ಯೋಗ್ಯರು’ ಎಂಬ ಚೌಕ ಹತ್ತಿರದಲ್ಲಿಯೇ ಇತ್ತು. ಎದುರಿಗೆ ಕುಳಿತವರು ಕೆಲಸ ಕಳೆದುಕೊಂಡರೆ ಏನಾಗುತ್ತಾರೆಂಬುದನ್ನು ಅವಳೇ ಬರೆದಿಟ್ಟಿದ್ದಳು.

ಗುರುತು ಹಾಕುವ ಮೊದಲು, ಬರೀ ಅಭ್ಯಾಸಬಲದಿಂದ, ನಲವತ್ತೊಂದರ ಫೈಲನ್ನು ಕೇಳಿ ಪಡೆದು ಕೊನೆಯ ಪುಟ ತಿರುವಿದಳು. ಯಾವುದೇ ಕ್ಲೈಂಟು ಎರಡು ವಾರ ಬಾರದಿದ್ದರೆ ಫೋನು ಮಾಡಿ, ದಿನಾಂಕ ಬರೆಯಬೇಕಾದ ಪುಟ ಅದು. ಅದು ಖಾಲಿಯಾಗಿತ್ತು.

“ಮಾವ, ಈ ಮನುಷ್ಯನಿಗೆ ಫೋನು ಮಾಡಿದ್ರಾ?”

ಮಾವ ಬಗ್ಗಿ ಆ ಖಾಲಿ ಪುಟವನ್ನು ನೋಡಿದರು.

“ಮಾಡ್ಬೇಕಿತ್ತು,” ಎಂದರು. “ಪ್ರತಿ ಬುಧವಾರ ಅವನ ವಿಷಯ ಮಾತಾಡ್ತಾನೇ ಇದ್ದೆವಲ್ಲ. ಬರ್ತಾ ಇದಾನೆ ಅಂತ ನನಗೂ ಒಂಥರಾ...”

“ನನಗೂ ಹಾಗೇ,” ಎಂದಳು ಅವಳು.

ನಿಜವಾದ ನಲವತ್ತೊಂದನೆಯವನು ಆರು ವಾರ ಎಲ್ಲಿದ್ದ, ಹೇಗಿದ್ದ ಎಂದು ಇಬ್ಬರೂ ಕೇಳಿರಲಿಲ್ಲ. ಅವನ ನಂಬರಿನ ಕೆಳಗೆ ಈ ಐದು ವಾರದಲ್ಲಿ ಅವಳು ಐದು ಪುಟ ಬರೆದಿದ್ದಳು. ಅದರಲ್ಲಿ ಒಂದಕ್ಷರವೂ ಅವನದಲ್ಲ.

ಅವಳು ಎರಡೂ ಚೌಕಗಳನ್ನು ಖಾಲಿ ಬಿಟ್ಟು, ಕೆಳಗಿನ ಅಂಚಿನಲ್ಲಿ ಬರೆಯತೊಡಗಿದಳು. ಬರೆಯುತ್ತ ಗಟ್ಟಿಯಾಗಿ ಓದಿದಳು. ಎಂಟು ವಾರ ಇವರು ಕ್ಲೈಂಟುಗಳನ್ನು ನೋಡುವಂತಿಲ್ಲ. ಕೇಂದ್ರದ ಬೇರೆ ಕೆಲಸದಲ್ಲಿ ಮುಂದುವರಿಯಬೇಕು. ಹೊರಗಿನ ಸಮಾಲೋಚಕರೊಬ್ಬರ ಬಳಿ ತಮ್ಮ ಸ್ವಂತ ಹೆಸರಿನಲ್ಲಿ ಹೋಗಬೇಕು. ಕುಡಿದದ್ದಕ್ಕಾಗಿ ಅಲ್ಲ, ಒಬ್ಬ ಕ್ಲೈಂಟು ಕೈತಪ್ಪಿದ್ದಕ್ಕಾಗಿ ಈ ಶಿಫಾರಸು. ಆ ತಪ್ಪಿನಲ್ಲಿ ಮೇಲ್ವಿಚಾರಕಿಯ ಪಾಲೂ ಇದೆ. ಪಾಲು ಎಷ್ಟು ಎಂದು ಬರೆಯಲು ಹೋಗಿ ತಡೆದಳು. ಅದು ಅವಳಿಗೆ ಗೊತ್ತಿರಲಿಲ್ಲ.

“ಸಮಿತಿಯವರು ಇದನ್ನ ಒಪ್ತಾರಾ?” ಎಂದರು ಮಾವ.

“ಗೊತ್ತಿಲ್ಲ.”

“ಮುಂದಿನ ಬುಧವಾರ ನಾನು ಇಲ್ಲಿಗೆ ಬರೋದಾ, ಬೇಡ್ವಾ?”

“ಅದೂ ಗೊತ್ತಿಲ್ಲ ಮಾವ. ಮೊದಲು ಫೋನು ಈ ಕಡೆ ತಳ್ಳಿ.”

ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಅವಳು ಸ್ಪೀಕರ್ ಹಾಕಿ ಫೈಲಿನಲ್ಲಿದ್ದ ಫೋನ್ ನಂಬರು ಒತ್ತಿದಳು. ಏಳು ಸಲ ರಿಂಗಾಯಿತು. ಎಂಟನೆಯದಕ್ಕೆ ಆ ಕಡೆ ಸುತ್ತಿಗೆಯ ಸದ್ದು, ಯಾರದೋ ಕೂಗು, ಬಳಿಕ ಒಂದು ಗಂಡುದನಿ.

“ಹಲೋ? ಯಾರು?”

ಮಾವ ಅವಳ ಕಡೆ ನೋಡಿದರು. ಅವಳು ತಲೆಯಾಡಿಸಿದಳು.

“ನಾನಪ್ಪಾ ಅಳಿಯ. ಮಾವ.”

“ಓಹೋ, ಮಾವ! ಈಗ ನೆನಪಾಯ್ತಾ ನಮ್ಮದು? ನನ್ನ ಬಿಟ್ಟೇ ಬಿಟ್ರಿ ಅಂದ್ಕೊಂಡಿದ್ದೆ.”

ದನಿ ದೊಡ್ಡದಾಗಿತ್ತು, ಮಾತು ತುಸು ಎಳೆದಂತಿತ್ತು. ಕುಡಿತವಿರಬಹುದು, ದಣಿವಿರಬಹುದು, ಸಂತೋಷವೂ ಇರಬಹುದು. ಇಂಥ ದನಿಗಳನ್ನು ಕೇಳುವುದರಲ್ಲಿಯೇ ವರ್ಷಗಳನ್ನು ಸವೆಸಿದ ಇಬ್ಬರೂ ಫೋನಿನ ಮೇಲೆ ಬಾಗಿದರು, ಕಿವಿಗೊಟ್ಟರು, ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರಿಗೂ ಗೊತ್ತಾಗಲಿಲ್ಲ.

“ನಾಳೆ ಬೆಳಗ್ಗೆ ಬರಕ್ಕಾಗತ್ತಾ?” ಎಂದಳು ಅವಳು, ತಾನು ಯಾರೆಂದು ಹೇಳಿ. “ಮಾವ ನೋಡಲ್ಲ, ನಾನು ನೋಡ್ತೀನಿ. ಹತ್ತು ಗಂಟೆಗೆ.”

“ಮಾವಂಗೇನಾಯ್ತು?”

ಮಾವ ಫೋನಿಗೆ ಹತ್ತಿರ ಬಂದು, “ನಾನು ಕುಡಿದೆ ಕಣಪ್ಪ,” ಎಂದರು.

ಆ ಕಡೆ ಸುತ್ತಿಗೆಯ ಸದ್ದು ನಿಂತಿತು.

“ಹತ್ತಕ್ಕೆ ಅಂದ್ರಾ?” ಎಂದಿತು ದನಿ. “ಬರ್ತೀನಿ.”