ಟೀ ಬೆಲ್ಲಿನ ಗುಂಡಿ

ರಿಸೆಪ್ಷನ್ ಮೇಜಿನ ಫೋನಿನಲ್ಲಿರುವ ಗುಂಡಿಗಳು ನನ್ನ ಗಂಡನ ಕಡೆಯ ನೆಂಟರ ಹಾಗೆ. ತುಂಬಾ ಇವೆ, ಕೆಲಸಕ್ಕೆ ಬರುವವು ನಾಲ್ಕೈದೇ. ಹೋಲ್ಡ್, ಟ್ರಾನ್ಸ್‌ಫರ್, ಶಾಪ್ ಎನ್ನುವ ಯಂತ್ರಗಳ ಶೆಡ್ಡಿನ ಸ್ಪೀಕರುಗಳಲ್ಲಿ ನನ್ನ ದನಿ ಕೇಳಿಸುವ ಪೇಜ್, ಅದರ ಪಕ್ಕದಲ್ಲಿ ಟೀ ಬೆಲ್. ಪೀಣ್ಯದ ನಮ್ಮ ಎರಕದ ಕಾರ್ಖಾನೆಯಲ್ಲಿ ಮೊಬೈಲನ್ನು ಗೇಟಿನಲ್ಲೇ ಕೊಟ್ಟು ಒಳಗೆ ಬರಬೇಕು. ಹಾಗಾಗಿ ಎಲ್ಲರಿಗೂ ಈ ಫೋನೇ ಗತಿ, ಅಂದರೆ ನಾನೇ ಗತಿ.

ಟೀ ಬೆಲ್ಲನ್ನು ಮಾತ್ರ ಒಂದು ನಿಮಿಷ ಮೊದಲೂ ಒತ್ತುವ ಹಾಗಿಲ್ಲ. ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದವಳು ಒಮ್ಮೆ ಕೈತಪ್ಪಿ ಒತ್ತಿದ್ದಕ್ಕೆ ಎಂಡಿ ರುದ್ರೇಶ್ ಸಾರ್ ಅವಳನ್ನು ಮನೆಗೆ ಕಳಿಸಿದ್ದರು.

ಅವತ್ತು ಬೆಳಿಗ್ಗೆ ಸಾರ್ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮೀಟಿಂಗಿಗೆ ಹೋಗಿದ್ದರು. ಅಲ್ಲಿಂದಲೇ ಫೋನ್. "ಯಮುನಾ, ಮಿಕ್ಸರ್ ಇನ್ನೂ ಯಾಕೆ ಹಾಕಿಲ್ಲ? ಪಂಚಾಕ್ಷರಿಗೆ ಕೊಡು!" ನಾನು ಪ್ಯಾನೆಲ್ ರೂಮಿಗೆ ಟ್ರಾನ್ಸ್‌ಫರ್ ಮಾಡಿ ಕೈ ಇಳಿಸುವಷ್ಟರಲ್ಲಿ ಇನ್ನೊಂದು ಕರೆ ಬಂತು. ಮಿಕ್ಸರ್ ಪಕ್ಕದ ಗೋಡೆ ಫೋನಿನಿಂದ, ಫಿಟ್ಟರ್ ಚನಬಸಪ್ಪಣ್ಣ.

"ತಂಗಿ, ಮಿಕ್ಸರ್‌ನಾಗ ಮರಳು ಗಟ್ಟಿ ಹಿಡದೈತಿ. ಕೆರಿಯಾಕ ಒಳಗ ಇಳೀತೀನಿ. ಪಂಚಾಕ್ಷರಿ ಫೋನ್ ಬಿಜಿ ಐತಿ. ಚಾಲೂ ಮಾಡಬ್ಯಾಡ ಅಂತ ನೀನ ಹೇಳಿಬಿಡವಾ."

"ಅಣ್ಣಾ, ತಡೀರಿ, ನಾನು ಹೇಳಿದ್ಮೇಲೆ..."

ಇಟ್ಟೇಬಿಟ್ಟರು. ಮಿಕ್ಸರಿನ ಒಳಗೆ ಎರಕದ ಅಚ್ಚಿಗೆ ಮರಳು ಅರೆಯುವ ಕಬ್ಬಿಣದ ಚಕ್ರಗಳಿವೆ. ಸ್ವಿಚ್ಚು ಪಂಚಾಕ್ಷರಿಯ ಕೈಯಲ್ಲಿ, ಗಾಜಿನ ಪ್ಯಾನೆಲ್ ರೂಮಿನೊಳಗೆ. ಅಲ್ಲಿಂದ ನೋಡಿದರೆ ಮಿಕ್ಸರಿನಲ್ಲಿ ಯಾರಿದ್ದಾರೆಂದು ಕಾಣುವುದಿಲ್ಲ. ಸ್ವಿಚ್ಚಿಗೆ ಬೀಗ ಹಾಕಿಸಿಯೇ ಇಳಿಯಬೇಕೆಂದು ಇಷ್ಟು ದೊಡ್ಡ ಬೋರ್ಡಿದೆ. ಓದುವ ಪುರುಸೊತ್ತು ಯಾರಿಗಿದೆ!

ಪ್ಯಾನೆಲ್ ರೂಮ್ ಒತ್ತಿದೆ. ಬಿಜಿ. ನನ್ನ ಫೋನಿನಲ್ಲಿ ಅದರ ಕೆಂಪು ದೀಪ ಉರಿಯುತ್ತಲೇ ಇತ್ತು. ಸಾರ್ ಇನ್ನೂ ಅವನನ್ನು ಬೈಯುತ್ತಿದ್ದಾರೆ, ಬೈದು ಮುಗಿಸಿದ ತಕ್ಷಣ ಅವನು ಸ್ವಿಚ್ ಹಾಕುತ್ತಾನೆ. ಬೇರೆಯವರ ಮಾತಿನ ಮಧ್ಯೆ ನುಗ್ಗುವ ಗುಂಡಿಯೂ ಒಂದಿದೆ, ಅದನ್ನೂ ಒತ್ತಿದೆ. ಟುಂಯ್ ಟುಂಯ್ ಎಂದು ಸುಮ್ಮನಾಯಿತು. ಆ ಅಧಿಕಾರ ಎಂಡಿ ಕ್ಯಾಬಿನ್ನಿನ ಫೋನಿಗೆ ಮಾತ್ರ.

ಪೇಜ್ ಒತ್ತಿ ಕಿರುಚಿದೆ. "ಪಂಚಾಕ್ಷರಣ್ಣಾ, ಮಿಕ್ಸರ್ ಹಾಕ್ಬೇಡಿ!" ಮೋಲ್ಡಿಂಗ್ ಮಶೀನುಗಳ ಬಡಿತ, ಗ್ರೈಂಡರುಗಳ ಅರಚಾಟ, ಎಲ್ಲರ ಕಿವಿಯಲ್ಲೂ ಹತ್ತಿ. ನನ್ನ ಕೂಗು ಯಾರಿಗೆ ಬೇಕು? ಓಡೋಣವೆಂದರೆ ಶಾಪು ಯಾರ್ಡಿನ ಆ ತುದಿಗೆ. ಕೆಂಪು ದೀಪ ಯಾವ ಗಳಿಗೆಯಲ್ಲಾದರೂ ಆರಬಹುದು.

ಕಿವಿಯ ಹತ್ತಿಯನ್ನೂ ತೂರಿ ಕೇಳಿಸಿ ಆ ಸದ್ದನ್ನು ನಿಲ್ಲಿಸುವುದು ಇಡೀ ಕಾರ್ಖಾನೆಯಲ್ಲಿ ಒಂದೇ ಒಂದು. ಹೋದರೆ ಹೋಗಲಿ ಈ ಹಾಳು ಕೆಲಸ ಎಂದುಕೊಂಡು ಟೀ ಬೆಲ್ ಒತ್ತಿ ಹಿಡಿದೆ.

ಯಾರೂ ಗಡಿಯಾರ ನೋಡಲಿಲ್ಲ. ಗ್ರೈಂಡರುಗಳು ನಿಂತವು. ಮೋಲ್ಡಿಂಗ್ ಮಶೀನುಗಳು ಒಂದೊಂದಾಗಿ ನಿಂತವು. ಶಾಪಿನಲ್ಲಿ ಸದ್ದಡಗಿದ್ದು ಯಾರ್ಡಿನ ಈಚೆಗೂ ಗೊತ್ತಾಯಿತು. ಮತ್ತೆ ಪೇಜ್ ಒತ್ತಿದೆ.

"ಮಿಕ್ಸರ್ ಹಾಕ್ಬೇಡಿ! ಚನಬಸಪ್ಪಣ್ಣ ಒಳಗಿದ್ದಾರೆ! ಯಾರಾದ್ರೂ ಪಂಚಾಕ್ಷರಣ್ಣನ ಕೈ ಹಿಡ್ಕೊಳ್ಳಿ!"

ಪ್ಯಾನೆಲ್ ರೂಮಿನ ದೀಪ ಆರಿತು. ಮಿಕ್ಸರಿನ ಸದ್ದಿಗೆ ಕಿವಿಗೊಟ್ಟು ಕೂತೆ. ಏನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಗೋಡೆ ಫೋನಿನ ದೀಪ ಮಿನುಗಿತು. ಎತ್ತಲು ಭಯವಾಯಿತು. ಎತ್ತಿದೆ.

"ತಂಗಿ, ಯಾರು ಒಳಗದಾರಂತ ಒದರಾಕತ್ತಿ? ನಾ ಇಲ್ಲೇ ಖಾಲಿ ಲೋಟ ಹಿಡಕೊಂಡು ನಿಂತೇನಿ."

"ನೀವು... ಇಳಿದಿರಲಿಲ್ವಾ?"

"ಇಳದಿದ್ದೆ. ಬೆಲ್ ಆತು, ಮ್ಯಾಲೆ ಬಂದೆ. ಚಾ ಬಿಟ್ಟು ಮರಳು ಕೆರಕೋಂತ ಕುಂದ್ರಾಕ ನನಗೇನು ಹುಚ್ಚ ಹಿಡದೈತೇನು?" ಆಮೇಲೆ ಅವರ ದನಿ ಇಳಿಯಿತು. "ಪಂಚಾಕ್ಷರಿ ಇಲ್ಲೇ ನೆಲದ ಮ್ಯಾಲೆ ಕುಂತಾನವಾ. ಸ್ವಿಚ್ ಮ್ಯಾಲೆ ಕೈ ಇಟ್ಟಿದ್ನಂತ."

ನನಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಬಾಯಿಗೆ ಬಂದಂತೆ ಬೈದೆ.

ಹೊರಗಿನ ಲೈನ್ ಹೊಡೆದುಕೊಂಡಿತು. ರುದ್ರೇಶ್ ಸಾರ್.

"ಯಮುನಾ! ಪಂಚಾಕ್ಷರಿ ಫೋನಲ್ಲಿ ಕೇಳಿಸ್ತು, ಈ ಹೊತ್ತಲ್ಲಿ ಟೀ ಬೆಲ್ ಯಾರು ಹೊಡೆದಿದ್ದು?"

"ನಾನೇ ಸಾರ್. ಒಂದ್ನಿಮಿಷ ಇರಿ."

ಅವರನ್ನು ಇದುವರೆಗೆ ಯಾರೂ ಕಾಯಿಸಿದ್ದಿಲ್ಲ. ಹೋಲ್ಡ್ ಒತ್ತಿ, ಕ್ಯಾಂಟೀನಿನ ಭದ್ರಮ್ಮನಿಗೆ ಫೋನ್ ಮಾಡಿದೆ.

"ಅಕ್ಕಾ, ಟೀ ಈಗ್ಲೇ ಕಳ್ಸಿ. ಚನಬಸಪ್ಪಣ್ಣ ಕಾಯ್ತಾ ಇದ್ದಾರೆ."