ಆಕ್ಲೆಂಡಿನ ನಟ್ಟನಡುವೆ ಒಂದು ಹೆರಿಗೆ

ಆಕ್ಲೆಂಡನ್ನು ಕಣ್ಣಾರೆ ಕಾಣುವ ಮೊದಲೇ ಎಫಿ ಮಕ್‌ಲೀಷ್ ಆ ಊರನ್ನು ಬೈದು ಮುಗಿಸಿದ್ದಳು. ದೇಶದ ದಕ್ಷಿಣದ ತುದಿಯಿಂದ ಹೊರಟು, ಹಡಗಿನಲ್ಲಿ ಜಲಸಂಧಿ ದಾಟಿ, ಹದಿನೆಂಟು ದಿನ ಉತ್ತರಕ್ಕೆ ಉರುಳಿ ಬಂದ ಕ್ಯಾಂಪರ್ ವ್ಯಾನು ಈಗ ಊರ ಹೊರಗಿನ ಹೆದ್ದಾರಿಯಲ್ಲಿ ಸಾವಿರ ಕಾರುಗಳ ನಡುವೆ ಸಿಕ್ಕಿಕೊಂಡಿತ್ತು.

"ನೋಡು, ಎಲ್ಲಾ ನಿಂತಲ್ಲೇ ನಿಂತಿದಾವೆ. ಇವರಿಗೆ ಕಾರಲ್ಲಿ ಕೂತ್ಕೊಳ್ಳೋಕೇ ಸಂಬಳ ಕೊಡ್ತಾರೆ ಅನ್ಸುತ್ತೆ," ಎಂದಳು ಎಫಿ.

"ನಾವೂ ಇದ್ರಲ್ಲೇ ನಿಂತಿದೀವಲ್ಲೇ," ಎಂದಳು ಸ್ಟಿಯರಿಂಗ್ ಹಿಡಿದಿದ್ದ ತಂಗಿ ನೋಲಾ.

"ನಾವು ಬಂದುಹೋಗೋ ನೆಂಟರು. ಅದು ಬೇರೆ."

ಎಫಿಗೆ ಅರವತ್ತೆಂಟು. ನಲವತ್ತಮೂರು ವರ್ಷ ಕುರಿ ಸಾಕಿದವಳು. ಅದರಲ್ಲಿ ಕೊನೆಯ ಹನ್ನೊಂದು ವರ್ಷ ಗಂಡ ಹೋದ ಮೇಲೆ ಒಬ್ಬಳೇ. ಮಂಡಿ ಕೈಕೊಟ್ಟು ಅದನ್ನು ಬದಲಿಸುವ ಆಪರೇಷನ್ ಆಯಿತು. ಏಪ್ರಿಲಿನಲ್ಲಿ ಒಂಬೈನೂರು ಕುರಿಗಳೂ ಲಾರಿ ಹತ್ತಿದವು. ಅವತ್ತು ಅವಳು ಅಳಲಿಲ್ಲ. ಗೇಟು ಹಾಕಿ ಒಳಗೆ ಬಂದು, ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆಯ ಕಪಾಟುಗಳನ್ನೆಲ್ಲ ತೊಳೆದು ಹಾಕಿದ್ದಳು. ಅಂಚೆ ಕಚೇರಿಯಿಂದ ನಿವೃತ್ತಳಾಗಿದ್ದ ನೋಲಾಗೆ ಆ ತೊಳೆದ ಕಪಾಟುಗಳನ್ನು ನೋಡಿಯೇ ಹೆದರಿಕೆಯಾಯಿತು. ಮರುತಿಂಗಳೇ ಹಳೆಯ ವ್ಯಾನೊಂದನ್ನು ಕೊಂಡು, ಆ ದೇಶದಲ್ಲಿ ಜೂನಿಗೆ ಶುರುವಾಗುವ ಚಳಿಗಾಲವೆಲ್ಲ ಅದನ್ನು ರಿಪೇರಿ ಮಾಡಿಸಿ, ವಸಂತ ಹುಟ್ಟುತ್ತಲೇ ಅಕ್ಕನನ್ನು ಹತ್ತಿಸಿಕೊಂಡು ಹೊರಟಿದ್ದಳು.

ದಾರಿಯುದ್ದಕ್ಕೂ ಎಫಿ ಹುಲ್ಲನ್ನೇ ನೋಡಿದಳು. ಇಲ್ಲಿ ಹುಲ್ಲು ತೆಳ್ಳಗೆ, ಅಲ್ಲಿ ಬೇಲಿ ಸಡಿಲ, ಮತ್ತೊಂದು ಕಡೆ ಕುರಿಗಳ ಗೊರಸು ಸರಿಯಿಲ್ಲ. ಹಿಮಬೆಟ್ಟ, ಬಿಸಿನೀರಿನ ಬುಗ್ಗೆ, ದೊಡ್ಡ ಸರೋವರ ಎಲ್ಲಕ್ಕೂ ಅವಳದು ಒಂದೇ ಮಾತು: "ಹೂಂ, ಪರವಾಗಿಲ್ಲ."

ಅವತ್ತು ಸಂಜೆ ಊರಿನ ಪಶ್ಚಿಮದ ಕೊಲ್ಲಿಗೆ ಅಂಟಿಕೊಂಡ ಓನೆಹಂಗದಲ್ಲಿ, ವ್ಯಾನುಗಳಿಗೆ ಬಿಟ್ಟಿದ್ದ ಜಾಗದಲ್ಲಿ ತಂಗಿದರು. ಬೆಳಗ್ಗೆ ಚಹಾದ ಜೊತೆ ನೋಲಾ ನಕಾಶೆ ಬಿಚ್ಚಿದಳು.

"ಈ ಊರಿಗೆ ಎರಡು ಕಡಲು. ವ್ಯಾನು ಇಲ್ಲೇ ಇರ್ಲಿ. ರೈಲಲ್ಲಿ ಆ ಕಡೆ ಕಡಲಿಗೆ ಹೋಗೋದು, ಅಲ್ಲಿಂದ ಈ ಕಡೆ ಕಡಲಿಗೆ ನಡ್ಕೊಂಡು ವಾಪಸ್ ಬರೋದು. ಹದಿನಾರು ಕಿಲೋಮೀಟರು."

"ಹದಿನಾರು ಕಿಲೋಮೀಟರಲ್ಲಿ ನೋಡೋಕೇನಿದೆ? ಮನೆ, ಮನೆ, ಇನ್ನೊಂದು ಮನೆ."

"ಡಾಕ್ಟರು ನಡೀರಿ ಅಂದಿದಾರೆ. ಅವರು ಬರೀ ನಿಮ್ಮೂರಲ್ಲೇ ನಡೀರಿ ಅಂತ ಹೇಳಿಲ್ಲ."

ಎಫಿ ಗೊಣಗುತ್ತಲೇ ಬೂಟು ಕಟ್ಟಿದಳು.

ಪೂರ್ವದ ಬಂದರಿನಲ್ಲಿ ಗಾಳಿ ಟೋಪಿ ಕಿತ್ತುಕೊಳ್ಳುವಂತೆ ಬೀಸುತ್ತಿತ್ತು. ಹಾಯಿದೋಣಿಗಳ ಕಂಬಗಳಿಗೆ ಹಗ್ಗ ಬಡಿದು ಟಿಣಿಟಿಣಿ ಸದ್ದು. ದ್ವೀಪಗಳಿಂದ ಬಂದ ದೋಣಿ ಜನರನ್ನು ಇಳಿಸುತ್ತಿತ್ತು. ಅವರೆಲ್ಲ ತಲೆ ತಗ್ಗಿಸಿ, ಯಾರೋ ಅಟ್ಟುತ್ತಿದ್ದಾರೆಂಬಂತೆ ಒಂದೇ ದಿಕ್ಕಿಗೆ ಧಾವಿಸಿದರು. "ಕುರಿನಾಯಿ ಇಲ್ಲದೇನೇ ಎಷ್ಟು ಚೆನ್ನಾಗಿ ಹೋಗ್ತಾರೆ," ಎಂದಳು ಎಫಿ. ಅದು ಅವಳು ಆಕ್ಲೆಂಡಿಗೆ ಕೊಟ್ಟ ಮೊದಲ ಪ್ರಶಂಸೆ.

ಏರುದಾರಿ ಹಿಡಿದು, ವಿಶ್ವವಿದ್ಯಾಲಯದ ಪಕ್ಕದ ಉದ್ಯಾನ ದಾಟಿ, ಕೆರೆಯಲ್ಲಿ ಮರಿ ಮಾಡಿದ್ದ ಬಾತುಕೋಳಿಗಳನ್ನು ನೋಡಿಕೊಂಡು ಸಾಗಿದರು. ಬಿಸಿಲು ಬಂತು, ಮಳೆ ಬಂತು, ಎರಡೂ ಒಟ್ಟಿಗೇ ಬಂದವು. ನೋಲಾ ತನ್ನ ಬಾಗಿದ ಹಿಡಿಯ ಹಳೆಯ ಕೊಡೆ ಬಿಚ್ಚುವುದೂ ಮಡಚುವುದೂ ಆಯಿತು. ಕಾಫಿ ಅಂಗಡಿಯ ಹುಡುಗಿ ಓಟ್ಸ್ ಹಾಲೋ, ಬಾದಾಮಿ ಹಾಲೋ, ಸೋಯಾ ಹಾಲೋ ಎಂದು ಕೇಳಿದಳು. ಎಫಿ ಅವಳ ಮುಖವನ್ನೇ ನೋಡಿ, "ಹಸುವಿಂದು, ಮಗಾ. ನಾಲ್ಕು ಕಾಲಿರುತ್ತಲ್ಲ, ಅದು," ಎಂದಳು. ಹುಡುಗಿ ನಕ್ಕು ಒಂದು ಮಾಂಸದ ಪೈ ಬಿಸಿ ಮಾಡಿಕೊಟ್ಟಳು. ಪೈ ಚೆನ್ನಾಗಿತ್ತು. ಎಫಿ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಇನ್ನೊಂದು ಕೊಂಡಳು.

ಮೌಂಗಫೌ ಗುಡ್ಡದ ನೆತ್ತಿಯಿಂದ ಎರಡು ಕಡಲೂ ಕಂಡವು. ಒಂದು ಕಡೆ ನೀಲಿ, ಇನ್ನೊಂದು ಕಡೆ ಬೂದು. ನಡುವೆ ಊರು, ಊರಿನಿಂದ ಬೋರಲು ಹಾಕಿದ ಬಟ್ಟಲುಗಳಂತೆ ಎದ್ದ ಹಸಿರು ಗುಡ್ಡಗಳು. ಕಾಲ ಬುಡದಲ್ಲಿ ಜ್ವಾಲಾಮುಖಿಯ ಹಳೆಯ ಬಾಯಿ ಆಳವಾಗಿ, ಹುಲ್ಲು ಹೊದ್ದು ಮಲಗಿತ್ತು.

"ಚೆನ್ನಾಗಿದೆ ಅನ್ನು," ನೋಲಾ ಮೊಣಕೈಯಿಂದ ತಿವಿದಳು. "ಒಂದೇ ಒಂದು ಸಲ ಅನ್ನು. ನಾಲಿಗೆ ಸವೆಯಲ್ಲ."

"ಹುಲ್ಲು ಚೆನ್ನಾಗಿದೆ," ಎಂದಳು ಎಫಿ.

ಮಧ್ಯಾಹ್ನ ಎರಡರ ಹೊತ್ತಿಗೆ ಇನ್ನೊಂದು ಗುಡ್ಡ, ಮೌಂಗಕಿಯೇಕಿಯೇಯ ಬುಡದ ದೊಡ್ಡ ಉದ್ಯಾನಕ್ಕೆ ಬಂದರು. ನೋಲಾ ರಸ್ತೆಯಾಚೆಯ ಮನೆಗಳ ಬೆಲೆಯ ಬಗ್ಗೆ ಏನೋ ಹೇಳುತ್ತಿದ್ದಳು. ಎಫಿ ಗಕ್ಕನೆ ನಿಂತಳು.

"ಷ್! ಸುಮ್ನಿರು."

ಬ್ಯಾ ಎಂದು ಕೇಳಿತು. ಮತ್ತೆ, ಇನ್ನೊಂದು ಕಡೆಯಿಂದ. ಆಲಿವ್ ಮರಗಳಾಚೆ, ಹದಿನೈದು ಲಕ್ಷ ಜನರ ಊರಿನ ನಟ್ಟನಡುವೆ, ಗುಡ್ಡದ ತುಂಬ ಕುರಿಗಳು ಮೇಯುತ್ತಿದ್ದವು. ಪಕ್ಕದಲ್ಲಿ ಬಿಳಿ ಮರಿಗಳು ನಾಲ್ಕು ಕಾಲೂ ನೆಲಬಿಟ್ಟು ಕುಪ್ಪಳಿಸುತ್ತಿದ್ದವು.

"ಕುರಿ ಇದೆ ಅಂತ ನೀನು ಹೇಳಲೇ ಇಲ್ಲ," ಎಂದಳು ಎಫಿ.

"ಹೇಳಿದ್ರೆ ನೀನು ಬರ್ತಾನೇ ಇರಲಿಲ್ಲ," ಎಂದಳು ನೋಲಾ.

ಎಫಿ ಬೇಲಿಗೆ ಕೈಯೂರಿ ನೋಡಿದಳು. ಮೊದಮೊದಲು ಎಲ್ಲ ಕುರಿಗಳನ್ನೂ, ಆಮೇಲೆ ಒಂದನ್ನೇ. ಅದು ಹಿಂಡಿನಿಂದ ದೂರ, ಕಲ್ಲುಗೋಡೆಯ ಮೂಲೆಯಲ್ಲಿ ಮಲಗಿತ್ತು. ಏಳುತ್ತಿತ್ತು, ಸುತ್ತುತ್ತಿತ್ತು, ಮತ್ತೆ ಕುಸಿಯುತ್ತಿತ್ತು, ಮೂತಿ ಆಕಾಶಕ್ಕೆತ್ತಿ ತಿಣುಕುತ್ತಿತ್ತು.

"ಅದಕ್ಕೆ ಕಷ್ಟ ಆಗಿದೆ," ಎಂದು ಗೇಟಿನ ಕಡೆ ನಡೆದಳು.

ನೋಲಾ ಅವಳ ತೋಳು ಹಿಡಿದಳು. "ಬೋರ್ಡು ನೋಡು. ಮರಿ ಹಾಕೋ ಕಾಲ, ಯಾರೂ ಹತ್ರ ಹೋಗ್ಬೇಡಿ, ಏನಾದ್ರೂ ಇದ್ರೆ ಫೋನ್ ಮಾಡಿ ಅಂತಿದೆ. ನಂಬರೂ ಇದೆ."

"ಹಾಗಾದ್ರೆ ಮಾಡು ಫೋನು! ನನ್ನ ಕೈ ಯಾಕೆ ಹಿಡ್ಕೊಂಡಿದೀಯ?"

ಆ ಕಡೆಯಿಂದ ಮಾತಾಡಿದವಳು ಅಲ್ಲಿನ ಕುರಿ ನೋಡಿಕೊಳ್ಳುವ ಕಹುರಂಗಿ. ಗುಡ್ಡದ ಆಚೆ ಮಗ್ಗುಲಲ್ಲಿ ಇನ್ನೊಂದು ಕುರಿಯ ಹೆರಿಗೆಯಲ್ಲಿದ್ದಳು. ಬರಲು ಇಪ್ಪತ್ತೈದು ನಿಮಿಷವಾದರೂ ಬೇಕು ಎಂದಳು. ಎಫಿ ಫೋನು ಕಿತ್ತುಕೊಂಡಳು.

"ಇಪ್ಪತ್ತೈದು ನಿಮಿಷ ಕಾಯೋ ಹಾಗಿಲ್ಲಮ್ಮ. ಮರಿ ತಲೆ ಹೊರಗೆ ಬಂದಿದೆ, ಜೊತೆಗೆ ಒಂದೇ ಕಾಲು, ಇನ್ನೊಂದು ಒಳಗೇ ಮಡಚ್ಕೊಂಡಿದೆ. ನಾಲಿಗೆ ಊದ್ಕೊಂಡಿದೆ, ಇಲ್ಲಿಂದಲೇ ಕಾಣ್ತಿದೆ."

"ನೀವು ಯಾರು?"

"ನಲವತ್ತಮೂರು ವರ್ಷ ಇದೇ ಮಾಡಿದವಳು. ದಕ್ಷಿಣದವಳು."

"ಸರಿ. ಮಾಡಿ. ನಾನು ಬಂದೆ."

ಅಲ್ಲೇ ಬೆಂಚಿನ ಮೇಲೆ ಆನೆಯಂಥ ಆಳೊಬ್ಬ ಬಸ್ ಡ್ರೈವರನ ಸಮವಸ್ತ್ರದಲ್ಲಿ ಕೂತು ಊಟ ಮಾಡುತ್ತಿದ್ದ. ಬೆಳಗಿನ ಪಾಳಿ ಮುಗಿಸಿ, ಸಂಜೆಯದು ಶುರುವಾಗುವವರೆಗೆ ಇಲ್ಲಿ ಬಂದು ಕಾಲು ಚಾಚುವುದು ಅವನ ರೂಢಿ.

"ಏನಪ್ಪಾ, ನಿನ್ನ ಹೆಸರೇನು?" ಎಫಿ ಕೂಗಿದಳು.

"ಸೆಮಿಸಿ, ಆಂಟಿ."

"ಬಾ ಇಲ್ಲಿ. ಒಂದು ಕುರಿ ಹಿಡ್ಕೋಬೇಕು."

ಸೆಮಿಸಿಯ ಬಾಯಿಯ ತುತ್ತು ಅಲ್ಲೇ ನಿಂತಿತು. "ಆಂಟಿ, ನಮ್ಮ ಟೋಂಗಾ ದ್ವೀಪದಲ್ಲಿ ಹಂದಿ ಇದಾವೆ, ನಾಯಿ ಇದಾವೆ. ಕುರಿ ನನಗೆ ತಟ್ಟೆಯಲ್ಲಿ ಮಾತ್ರ ಪರಿಚಯ."

"ಇವತ್ತು ಪೂರ್ತಿ ಪರಿಚಯ ಆಗುತ್ತೆ. ಬಾ."

ಅವನು ಬಂದ. ಎಫಿ ಅವನನ್ನು ಗೋಡೆಯ ಒಂದು ಮಗ್ಗುಲಿಗೆ ನಿಲ್ಲಿಸಿ ತಾನು ಇನ್ನೊಂದು ಕಡೆಯಿಂದ ಮೆಲ್ಲಗೆ, ಕುರಿಯನ್ನು ನೋಡದವಳಂತೆ ಹತ್ತಿರವಾದಳು. ಕುರಿ ಎದ್ದು ನುಗ್ಗಲು ನೋಡಿತು. ಎಫಿ ನೋಲಾಳ ಕೊಡೆಯನ್ನು ತಿರುಗಿಸಿ ಹಿಡಿದು, ಬಾಗಿದ ಹಿಡಿಯನ್ನು ಅದರ ಕೊರಳಿಗೆ ಹಾಕಿ ಎಳೆದಳು.

"ಈಗ ಹಿಡಿ! ಗದ್ದದ ಕೆಳಗೆ ಕೈ ಹಾಕು. ಮಲಗಿಸು. ಅಷ್ಟು ಮೆತ್ತಗೆ ಅಲ್ಲಪ್ಪ, ಅದೇನು ನಿನ್ನ ಅತ್ತೇನಾ?"

"ನಮ್ಮತ್ತೆ ಇದಕ್ಕಿಂತ ಜೋರು, ಆಂಟಿ," ಎಂದ ಸೆಮಿಸಿ. ಹೆದರಿಕೆಗೆ ಕಣ್ಣು ಮುಚ್ಚಿಕೊಂಡೇ ಹಿಡಿದಿದ್ದ.

ಹೊಸ ಮಂಡಿ ಊರುವ ಹಾಗಿರಲಿಲ್ಲ. ಎಫಿ ಒದ್ದೆ ಹುಲ್ಲಿನ ಮೇಲೆ ಹೊಟ್ಟೆ ಕೊಟ್ಟು ಉದ್ದಕ್ಕೆ ಮಲಗಿದಳು. ನೋಲಾ ಚೀಲದಿಂದ ನೀರಿನ ಬಾಟಲಿಯನ್ನೂ ಸೋಪನ್ನೂ ತೆಗೆದಳು. ಅವಳು ಪೇಟೆಗೆ ಹೋದರೂ ಸೋಪು ಒಯ್ಯುವವಳು. ಮೊಣಕೈವರೆಗೆ ನೊರೆ ಬಳಿದುಕೊಂಡು ಎಫಿ ಕೈಯಿಟ್ಟಳು. ಮರಿಯ ತಲೆ ತಣ್ಣಗಿತ್ತು. ಕುರಿ ತಿಣುಕುವುದು ನಿಲ್ಲಿಸುವವರೆಗೆ ಕಾದು, ತಲೆಯನ್ನು ಒಂದಿಷ್ಟು ಹಿಂದಕ್ಕೆ ತಳ್ಳಿದಳು. ಕತ್ತು, ಭುಜ, ಹಿಂದಕ್ಕೆ ಮಡಚಿಕೊಂಡ ಮೊಣಕಾಲು. ಬೆರಳುಗಳಿಗೆ ಎಲ್ಲ ನೆನಪಿತ್ತು. ಪುಟ್ಟ ಗೊರಸನ್ನು ಅಂಗೈಯಲ್ಲಿ ಮುಚ್ಚಿ, ಒಳಗೆಲ್ಲೂ ತಾಗದ ಹಾಗೆ ಮುಂದಕ್ಕೆ ತಂದಳು.

"ಈಗ, ನಮ್ಮವ್ವ," ಎಂದಳು ಕುರಿಗೆ. "ಈಗ ತಿಣುಕು."

ಕುರಿ ತಿಣುಕಿತು, ಎಫಿ ಎರಡೂ ಕಾಲು ಹಿಡಿದು ಕೆಳಮುಖವಾಗಿ ಎಳೆದಳು. ಹಳದಿ ಲೋಳೆಯಲ್ಲಿ ಅದ್ದಿದ ಮರಿ ಜಾರಿ ಹುಲ್ಲಿಗೆ ಬಿತ್ತು. ಅಲುಗಾಡಲಿಲ್ಲ.

ಬೇಲಿಯಾಚೆ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಓಡಲು ಬಂದವರು, ಮಗುವಿನ ಗಾಡಿ ತಳ್ಳುವವರು. ಎಫಿ ಮೂತಿಯ ಲೋಳೆ ಒರೆಸಿದಳು, ಹುಲ್ಲುಕಡ್ಡಿಯಿಂದ ಮೂಗಿನೊಳಗೆ ಕೆಣಕಿದಳು. ಏನೂ ಇಲ್ಲ. ಹಿಂಗಾಲು ಹಿಡಿದೆತ್ತಿ ಒಂದು ಸಲ ಬೀಸಿದಳು, ಇನ್ನೊಂದು ಸಲ. ಪಕ್ಕೆಗೆ ಅಂಗೈಯಿಂದ ತಿಕ್ಕಿದಳು. "ಸೋಮಾರಿ," ಎಂದಳು. "ಎದ್ದೇಳೋ ಸೋಮಾರಿ."

ಮರಿ ಸೀನಿತು.

ಬೇಲಿಯಾಚೆಯಿಂದ ಚಪ್ಪಾಳೆ ಎದ್ದಿತು. "ಬಾಯ್ಮುಚ್ಚಿ! ತಾಯಿ ಬೆದರಿಬಿಡುತ್ತೆ!" ಎಂದು ಎಫಿ ಗದರಿದಳು. ಇಡೀ ಗುಂಪು ಶಾಲೆಮಕ್ಕಳಂತೆ ತೆಪ್ಪಗಾಯಿತು. ಮರಿಯನ್ನು ತಾಯಿಯ ಮೂತಿಗೆ ಹತ್ತಿರ ಇಟ್ಟು, ಸೆಮಿಸಿಗೆ ಬಿಡು ಎಂದು ಸನ್ನೆ ಮಾಡಿದಳು. ಕುರಿ ಮೂಸಿತು, ಗಂಟಲೊಳಗೇ ಗುರುಗುಟ್ಟುತ್ತ ನೆಕ್ಕತೊಡಗಿತು.

ಕಹುರಂಗಿ ನಾಲ್ಕು ಚಕ್ರದ ಬೈಕಿನಲ್ಲಿ ಬಂದಾಗ ಎರಡನೆಯ ಮರಿ ತಾನೇ ತಾನಾಗಿ ಹೊರಬರುತ್ತಿತ್ತು. ಅವಳು ಮೂವತ್ತರ ಗಟ್ಟಿ ಹೆಂಗಸು. ಕುರಿಯನ್ನು ನೋಡಿದಳು, ಎಫಿಯ ಕೈ ನೋಡಿದಳು, ಸೆಮಿಸಿಯ ಅಂಗಿ ನೋಡಿದಳು.

"ಇವರು ಹಿಡಿದ್ರಾ?"

"ಕಣ್ಣು ಮುಚ್ಕೊಂಡು ಹಿಡಿದ. ಆದ್ರೂ ಬಿಡಲಿಲ್ಲ," ಎಂದಳು ಎಫಿ. ಸೆಮಿಸಿ ಎದೆಯುಬ್ಬಿಸಿ, ಮರುಕ್ಷಣ ತನ್ನ ಅಂಗಿ ಮೂಸಿ ನೋಡಿ ಮುಖ ಕಿವುಚಿದ. ಇನ್ನೊಂದು ಗಂಟೆಗೆ ಅವನ ಬಸ್ಸು ಹೊರಡಬೇಕು.

"ಇನ್ನೂ ಎರಡು ವಾರ ಮರಿ ಹಾಕೋದು ಹೀಗೇ ಇರುತ್ತೆ," ಎಂದಳು ಕಹುರಂಗಿ ಕೈ ತೊಳೆಯಲು ನೀರು ಹೊಯ್ಯುತ್ತ. "ಬೆಳಗ್ಗೆ ಆರಕ್ಕೆ ಒಂದು ಸುತ್ತು ಹಾಕ್ತೀನಿ. ನೀವು ಊರಲ್ಲಿದ್ರೆ ಬನ್ನಿ. ಇನ್ನೆರಡು ಕೈ ಇದ್ರೆ ನನಗೂ ಅನುಕೂಲ."

ಎಫಿ ಕೈ ಒರೆಸಿಕೊಳ್ಳುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು. ನೋಲಾ ನೋಡಿದಾಗ ಅಕ್ಕನ ಕೆನ್ನೆ ಒದ್ದೆಯಾಗಿತ್ತು. ಆಗ ಮಳೆ ಇರಲಿಲ್ಲ.

"ಒಂಬೈನೂರು ಕಣೇ," ಎಂದಳು ಎಫಿ. "ಒಂದೊಂದರ ಮುಖವೂ ಗೊತ್ತಿತ್ತು ನನಗೆ."

"ಗೊತ್ತು," ಎಂದಳು ನೋಲಾ. ಕರವಸ್ತ್ರ ಕೊಟ್ಟಳು. ಇಬ್ಬರೂ ಗೋಡೆಗೆ ಒರಗಿ, ಮರಿ ಕಾಲೂರಲು ಹೋಗಿ ಬೀಳುವುದನ್ನೂ ಮತ್ತೆ ಏಳುವುದನ್ನೂ ನೋಡುತ್ತ ಬಹಳ ಹೊತ್ತು ನಿಂತರು. ಅದು ಕೊನೆಗೂ ಮೊಲೆ ಹಿಡಿದು ಬಾಲ ಅಲ್ಲಾಡಿಸಿದಾಗ ಎಫಿ ಮೂಗು ಒರೆಸಿಕೊಂಡು, "ನಡಿ, ಹಸಿವಾಗ್ತಿದೆ," ಎಂದಳು.

ಉಳಿದ ದಾರಿ ಇಳಿಜಾರು. ಓನೆಹಂಗದ ದಡದಲ್ಲಿ ಇಳಿತದ ನೀರು ದೂರ ಸರಿದು ಕೆಸರು ಹೊಳೆಯುತ್ತಿತ್ತು. ಕಾಗದದ ಪೊಟ್ಟಣ ಬಿಚ್ಚಿ ಇಬ್ಬರೂ ಕರಿದ ಮೀನು ತಿಂದರು. ಕಡಲಕಾಗೆಗಳು ಸುತ್ತ ಕೂತು ಜಗಳವಾಡಿದವು.

"ಎರಡು ವಾರ ಇಲ್ಲೇ ಇರೋದು ಅಂದ್ರೆ ನಿನಗೆ ಬೇಜಾರಾಗುತ್ತೇನೋ," ಎಂದಳು ಎಫಿ, ಮೀನನ್ನೇ ನೋಡುತ್ತ.

"ನನಗ್ಯಾಕೆ ಬೇಜಾರು? ಪಶ್ಚಿಮಕ್ಕೆ ಕಪ್ಪು ಮರಳಿನ ದಂಡೆ ಇದೆ, ಅಷ್ಟು ದ್ವೀಪಗಳಿದಾವೆ. ದಾರೀಲಿ ಯಾರದೋ ಬೇಲಿ ಸಡಿಲ ಇದೆ ಅಂತ ಕೇಳದೇನೇ ನೋಡ್ಕೊಂಡು ಬರ್ತೀನಿ. ನನಗದೇ ರಜೆ."

ಮಾರನೆಯ ಬೆಳಗ್ಗೆ ಐದೂಮುಕ್ಕಾಲರ ಬಸ್ಸಿನ ಬಾಗಿಲು ತೆರೆದಾಗ ಡ್ರೈವರನ ಸೀಟಿನಲ್ಲಿ ಒಗೆದು ಇಸ್ತ್ರಿ ಮಾಡಿದ ಅಂಗಿಯ ಸೆಮಿಸಿ ಇದ್ದ. ಎಫಿಯನ್ನು ಕಂಡು ಅವನ ಮುಖವೆಲ್ಲ ಹಲ್ಲಾಯಿತು. ಬಾಗಿಲು ಹಾಕುವ ಮೊದಲೇ ಮೈಕು ಎತ್ತಿಕೊಂಡ.

"ಎಲ್ಲರೂ ಕೇಳಿ. ನಮ್ಮ ಬಸ್ಸಿಗೆ ಇವತ್ತು ದೊಡ್ಡ ಡಾಕ್ಟರಮ್ಮ ಬಂದಿದಾರೆ. ನಿನ್ನೆ ನಾವಿಬ್ಬರೂ ಸೇರಿ ಹೆರಿಗೆ ಮಾಡಿಸಿದ್ವಿ."

ತೂಕಡಿಸುತ್ತಿದ್ದ ಏಳೆಂಟು ಜನ ತಲೆಯೆತ್ತಿದರು. ಕಚೇರಿ ಗುಡಿಸಲು ಹೊರಟಿದ್ದ ಹೆಂಗಸೊಬ್ಬಳು ಪಕ್ಕದ ಸೀಟಿನ ಮೇಲಿನ ಚೀಲ ಎತ್ತಿ ಜಾಗ ಮಾಡಿಕೊಟ್ಟು, "ಗಂಡೋ ಹೆಣ್ಣೋ?" ಎಂದು ಕೇಳಿದಳು.

"ಒಂದು ಗಂಡು, ಒಂದು ಹೆಣ್ಣು," ಎಂದು ಎಫಿ ಅವಳ ಪಕ್ಕ ಕೂತಳು.

"ದೇವರು ದೊಡ್ಡವನು. ತಾಯಿ ಹೇಗಿದಾಳೆ?"

"ನೋಡೋಕೇ ಹೋಗ್ತಿದೀನಿ," ಎಂದಳು ಎಫಿ. ಕಿಟಕಿಯ ಹಬೆ ಒರೆಸಿ ಹೊರಗೆ ನೋಡಿದಳು. ಗುಡ್ಡದ ಹಿಂದೆ ಆಕಾಶ ಬೆಳ್ಳಗಾಗುತ್ತಿತ್ತು.