ಹನ್ನೊಂದು ಗುಂಡಿಗಳ ಡೇರೆ

ದರ್ಜಿ ಡೇರೆ ಹೊಲಿದದ್ದೇನೋ ಚೆನ್ನಾಗಿಯೇ ಇತ್ತು. ತೊಂದರೆ ಏನೆಂದರೆ, ಅವನು ಅದನ್ನು ಶರ್ಟಿನ ಹಾಗೆ ಹೊಲಿದಿದ್ದ.

ಇಪ್ಪತ್ತೆರಡು ವರ್ಷ ಶಾಲೆಯ ಸಮವಸ್ತ್ರ ಹೊಲಿದೂ ಹೊಲಿದೂ ಅವನು ನೀಲಿ ಬಣ್ಣ ಕಂಡರೆ ಮುಖ ತಿರುಗಿಸುವಂತಾಗಿದ್ದ. ಇನ್ನು ಮೇಲೆ ಡೇರೆ ಹೊಲಿಯುತ್ತೇನೆ, ಅಂಗಡಿಯ ಬೋರ್ಡು ಬದಲಾಯಿಸುತ್ತೇನೆ ಎಂದು ಒಂದು ಬೆಳಿಗ್ಗೆ ಹೆಂಡತಿಯ ಮುಂದೆ ಘೋಷಿಸಿದ. ಹೆಂಡತಿ ಡ್ರೈವಿಂಗ್ ಸ್ಕೂಲಿನ ಟೀಚರು. ಪಕ್ಕದಲ್ಲಿ ಕೂತವರು ಹುರುಪಾದ ತಕ್ಷಣ ಬ್ರೇಕಿನ ಮೇಲೆ ಕಾಲಿಡುವುದು ಅವಳ ವೃತ್ತಿ.

"ಮೊದ್ಲು ಒಂದು ಹೊಲೀರಿ. ಮೂರು ಮಳೆ ಅದ್ರೊಳಗೆ ಮಲಗಿ ನೋಡ್ತೀನಿ. ತಡೀತಾ, ಬೋರ್ಡು ಬರೆಸಿ. ಇಲ್ವಾ, ಶಾಲೆ ಶುರುವಾಗೋ ಹೊತ್ತಿಗೆ ಮತ್ತೆ ನೀಲಿ ಚಡ್ಡಿ."

ಮಳೆಗಾಲಕ್ಕೆ ಇನ್ನೂ ಏಳು ತಿಂಗಳಿತ್ತು. ದರ್ಜಿಗೆ ಗಿರಾಕಿಗಳನ್ನು ಕಾಯಿಸಿ ಗೊತ್ತೇ ಹೊರತು ತಾನು ಕಾದು ಗೊತ್ತಿಲ್ಲ. ಆಗ ಹೆಂಡತಿಯ ತಮ್ಮ, ಪೋಸ್ಟ್‌ಮ್ಯಾನ್, ಎಲ್ಲಿಂದಲೋ ಒಂದು ದೇಶವನ್ನು ಹುಡುಕಿ ತಂದ. ಸಮುದ್ರದಾಚೆಯ ಬಿಸಿ ಸೀಮೆ. ಆ ತಿಂಗಳಲ್ಲಿ ಅಲ್ಲಿ ದಿನಾ ಮಧ್ಯಾಹ್ನ ಮೂರಕ್ಕೆ ಮಳೆ, ನಾಲ್ಕೂವರೆಗೆ ಬಿಸಿಲು. ಅದಕ್ಕೇ ಬುದ್ಧಿಯಿರುವ ಯಾರೂ ಆ ಕಡೆ ತಲೆ ಹಾಕುವುದಿಲ್ಲ. ಅದಕ್ಕೇ ವಿಮಾನದ ಟಿಕೆಟ್ಟು ಪುಕ್ಕಟೆ ಅನ್ನುವಷ್ಟು ಅಗ್ಗ. "ಹೋಟೆಲ್ಲು ಯಾಕೆ ಭಾವ, ನಮ್ ಮನೆ ನಾವೇ ಹೊತ್ಕೊಂಡು ಹೋಗ್ತೀವಲ್ಲ!" ಎಂದು ಅವನೂ ಚೀಲ ಕಟ್ಟಿದ.

ಅಲ್ಲಿಳಿದು ಒಂದು ಮುದಿ ವ್ಯಾನನ್ನು ಬಾಡಿಗೆಗೆ ಹಿಡಿದರು. ಗಾಡಿಗಳು ರಸ್ತೆಯ ಬಲ ಮಗ್ಗುಲಲ್ಲಿ ಓಡುವ ಊರು. ಟೀಚರಿಗೆ ಅದು ಲೆಕ್ಕಕ್ಕೇ ಬರಲಿಲ್ಲ. ಅಡ್ಡ ಬಂದ ಪ್ರತಿ ಲಾರಿಯವನಿಗೂ ಕಿಟಕಿಯಿಂದ ತಲೆ ಹಾಕಿ, "ಕನ್ನಡಿ ನೋಡಪ್ಪಾ, ಕನ್ನಡಿ! ಚಂದಕ್ಕಿಟ್ಟಿದಾರಾ ಅದನ್ನ?" ಎಂದು ಕನ್ನಡದಲ್ಲೇ ಪಾಠ ಹೇಳಿದಳು. ಅವರೂ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಎರಡೂ ಕಡೆಗೆ ಸಮಾಧಾನವಾಯಿತು.

ಮೊದಲ ಬಿಡಾರ ಒಂದು ಪೆಟ್ರೋಲ್ ಬಂಕಿನ ಹಿಂದೆ, ಹಳೇ ಟೈರುಗಳ ರಾಶಿಗೂ ಬಾಳೆಯ ಗುಂಪಿಗೂ ನಡುವೆ. ಡೇರೆ ಎದ್ದು ನಿಂತಿತು. ಎಲ್ಲ ಕಡೆ ಜೋಡಿ ಹೊಲಿಗೆ, ಗಾಳಿಯಾಡಲು ನೆತ್ತಿಯ ಮೇಲೊಂದು ಕಾಲರು, ಎಡಗಡೆ ಒಂದು ಜೇಬು. ಬಾಗಿಲಿಗೆ ಹನ್ನೊಂದು ದಪ್ಪ ಗುಂಡಿ. ಜಿಪ್ಪಿನ ಹೆಸರೆತ್ತಿದರೆ ದರ್ಜಿಗೆ ಆಗುತ್ತಿರಲಿಲ್ಲ. ಸಿಕ್ಕಿಕೊಂಡ ಚಡ್ಡಿ ಜಿಪ್ಪುಗಳನ್ನು ಬಿಡಿಸುತ್ತಲೇ ಅವನ ಅರ್ಧ ಆಯಸ್ಸು ಕಳೆದಿತ್ತು.

ಪೋಸ್ಟ್‌ಮ್ಯಾನ್ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಕಾಲರಿದೆ, ಜೇಬಿದೆ. ಒಂದು ಟೈ ಕಟ್ಟಿದ್ರೆ ಶಾಲೆಗೇ ಕಳಿಸ್ಬಹುದು ಭಾವ."

"ನಗು ನಗು. ಒಳಗೆ ಮಲಗಿದಾಗ ಗೊತ್ತಾಗುತ್ತೆ."

ಮೂರಕ್ಕೆ ಐದು ನಿಮಿಷವಿದ್ದಾಗ ಮೋಡ ಕವಿಯಿತು. ಮೂವರೂ ಚಾಪೆ ದಿಂಬಿನೊಂದಿಗೆ ಒಳಸೇರಿದರು.

"ಬಾಗ್ಲು ಹಾಕ್ರೀ," ಎಂದಳು ಹೆಂಡತಿ.

ದರ್ಜಿ ಕೈ ಚಾಚಿದ. ಪಟ್ಟಿ ಸವರಿದ. ಇನ್ನೊಮ್ಮೆ ಸವರಿದ. ಗುಂಡಿಗಳೆಲ್ಲ ಹೊರಗಿದ್ದವು. ಮನೆಯ ತಾರಸಿಯ ಮೇಲೆ ಅವನು ಡೇರೆಯನ್ನು ನಿಲ್ಲಿಸಿ, ಹಿಂದೆ ಸರಿದು, ಕತ್ತು ಓರೆ ಮಾಡಿ ನೋಡಿದ್ದು ನಿಜ. ಆದರೆ ಹೊಲಿದವನು ಬಟ್ಟೆಯನ್ನು ನೋಡುವುದು ಹೊರಗಿನಿಂದ. ಒಳಗೆ ಹೋಗುವುದು ಗಿರಾಕಿಯ ಕೆಲಸ.

"ಒಬ್ರು ಹೊರಗಿದ್ದು ಹಾಕ್ಬೇಕು," ಎಂದ ದರ್ಜಿ, ಅದು ಮೊದಲೇ ಗೊತ್ತಿದ್ದವನಂತೆ.

ಅಕ್ಕ ತಮ್ಮನ ಕಡೆ ನೋಡಿದಳು. ತಮ್ಮ ಹೊರಗೆ ಹೋಗಿ ಹನ್ನೊಂದೂ ಗುಂಡಿ ಹಾಕಿ ವ್ಯಾನಿಗೆ ಓಡಿದ. ಮಳೆ ಹುಯ್ದದ್ದು ಹುಯ್ದದ್ದೇ. ಒಳಗೆ ಒಂದು ಹನಿ ಬರಲಿಲ್ಲ. ದರ್ಜಿಯ ಎದೆ ಉಬ್ಬಿತು. ಗುಂಡಿ ಬಿಚ್ಚಲು ಬಂದ ಪೋಸ್ಟ್‌ಮ್ಯಾನ್ ಕೇಳಿದ: "ಒಂದೊಂದು ಟೆಂಟಿನ ಜೊತೆಗೂ ಒಬ್ಬೊಬ್ಬ ಭಾವಮೈದುನನ್ನ ಕೊಡ್ತೀರಾ, ಇಲ್ಲಾ ಗಿರಾಕಿನೇ ತಂದ್ಕೋಬೇಕಾ?"

"ಶರ್ಟಿನ ಗುಂಡಿ ಒಳಗಡೆ ಇರುತ್ತೇನೋ? ಡಿಸೈನು ಕಣೋ ಅದು!"

"ಹನ್ನೊಂದೇ ಅಲ್ವೇನ್ರೀ?" ಎಂದಳು ಹೆಂಡತಿ ಮೆಲ್ಲಗೆ. "ಕಿತ್ತು ಒಳಗಡೆ ಹಾಕಿದ್ರಾಯ್ತು."

"ನಾನ್ ಹಾಕಿದ ಹೊಲಿಗೆ ನಾನೇ ಬಿಚ್ಚೋದಾ? ಸಾಧ್ಯವೇ ಇಲ್ಲ."

ಅವಳು ಚಾಪೆ ದಿಂಬು ಸುತ್ತಿಟ್ಟಳು. ಒಂದೇ ಒಂದು ದೂರೂ ಹೇಳಲಿಲ್ಲ. ದರ್ಜಿಗೆ ಹೆದರಿಕೆಯಾದದ್ದು ಅದಕ್ಕೇ.

ಮರುದಿನ ಸಮುದ್ರದ ದಂಡೆ. ಪೋಸ್ಟ್‌ಮ್ಯಾನ್ ಸಾಫ್ ಹೇಳಿಬಿಟ್ಟ: "ನೆನೆಯೋದಾಗಿದ್ರೆ ಊರಲ್ಲೇ ಕಾಗದ ಹಂಚ್ತಿದ್ದೆ, ಸಂಬಳನಾದ್ರೂ ಬರ್ತಿತ್ತು." ಹೀಗಾಗಿ ಹೆಂಡತಿಯನ್ನು ಒಳಗೆ ಮಲಗಿಸಿ ಗುಂಡಿ ಹಾಕಿದ್ದು ದರ್ಜಿ. ವ್ಯಾನು ನೂರು ಹೆಜ್ಜೆ ದೂರದಲ್ಲಿತ್ತು. ಅವನು ಅಲ್ಲಿಗೆ ತಲುಪುವಷ್ಟರಲ್ಲಿ ಕೋಟಿನ ಒಳ ಅಸ್ತರಿನವರೆಗೂ ತೊಯ್ದಿದ್ದ. ಹೆಂಡತಿ ಗರಿಗರಿಯಾಗಿ ಎದ್ದು ಬಂದಳು. ದರ್ಜಿ ಹದಿನಾಲ್ಕು ಸಲ ಸೀನಿದ.

ಮೂರನೆಯ ದಿನ ರಬ್ಬರ್ ತೋಟವೊಂದರ ಅಂಚು. ದರ್ಜಿಯ ಮೂಗು ಕೆಂಪಗೆ, ಮೈ ಬೆಚ್ಚಗೆ.

"ಇವತ್ತು ನೀವೇ ಒಳಗೆ," ಎಂದಳು ಹೆಂಡತಿ.

"ನೀನಲ್ವೇನೇ ಮಲಗ್ಬೇಕಾದ್ದು? ಇದು ಕಡೇ ಮಳೆ."

"ಜ್ವರ ಬಂದೋರು ಮಲಗ್ತಾರೆ. ಇದನ್ನ ಕುಡೀರಿ ಮೊದ್ಲು."

ಒಂದು ಚೊಂಬು ತುಂಬ ಬಿಸಿನೀರು ಕುಡಿಸಿ, ಹೊದೆಸಿ, ಹೊರಗಿನಿಂದ ಕ್ರಮವಾಗಿ ಹನ್ನೊಂದೂ ಗುಂಡಿ ಹಾಕಿದಳು.

ಮಳೆ ಶುರುವಾಯಿತು. ದರ್ಜಿ ಅಂಗಾತ ಮಲಗಿ ಮೇಲೆ ನೋಡಿದ. ಬಟ್ಟೆಯ ಮೇಲೆ ನೂರು ಹೊಲಿಗೆ ಯಂತ್ರಗಳು ಒಟ್ಟಿಗೆ ಓಡಿದಂತೆ ಸದ್ದು. ಕೆಳಗೆ ಅವನು ಒಣಗಿ ಬೆಚ್ಚಗೆ. ಬೋರ್ಡಿನ ಅಕ್ಷರ ಹಳದಿಯಿರಲೋ ಕೆಂಪಿರಲೋ ಎಂದು ಯೋಚಿಸಿದ. ಆಮೇಲೆ ಚೊಂಬಿನ ನೀರು ತನ್ನ ಕೆಲಸ ಶುರುಮಾಡಿತು.

ಅವನು ಮಗ್ಗುಲಾದ. ಇನ್ನೊಂದು ಮಗ್ಗುಲಾದ. ಹಾಡು ಗುನುಗಿ ನೋಡಿದ. ಹೊರಗೆ ಕೊಡೆಯ ಮೇಲೆ ಮಳೆ ಬೀಳುವ ಸದ್ದು ಬಾಗಿಲಿಗೆ ಬಂದು ನಿಂತಿತು.

"ಏನಾದ್ರೂ ಬೇಕಿತ್ತೇನ್ರೀ?"

"ಏನಿಲ್ಲ. ಆರಾಮಾಗಿದೀನಿ."

"ಗುಂಡಿ ಬಿಚ್ಲಾ?"

"ಯಾಕೆ? ಚೆನ್ನಾಗಿದೆಯಲ್ಲ ಗುಂಡಿ."

"ಸರಿ ಹಾಗಾದ್ರೆ."

ಕೊಡೆ ಕದಲಲಿಲ್ಲ. ದರ್ಜಿ ಪಟ್ಟಿಯ ಸಂದಿಯಲ್ಲಿ ಬೆರಳು ತೂರಿಸಿ ಕಾಜದಿಂದ ಗುಂಡಿಯನ್ನು ಹಿಂದಕ್ಕೆ ಎಳೆಯಲು ನೋಡಿದ. ಕಾಜವನ್ನು ಅವನೇ ಕೈಯಲ್ಲಿ, ಎರಡೆಳೆ ದಾರದಲ್ಲಿ, ಗುಂಡಿಗೆ ತಕ್ಕ ಬಿಗಿಯಲ್ಲಿ ಕಟ್ಟಿದ್ದ. ತನ್ನ ಕೈಕೆಲಸ ಇಷ್ಟು ಚೆನ್ನಾಗಿದೆಯಲ್ಲ ಎಂದು ಅವನಿಗೆ ಜೀವನದಲ್ಲಿ ಮೊದಲ ಸಲ ಬೇಸರವಾಯಿತು.

ಒಳಗಿನಿಂದ ಕಾಣುತ್ತಿದ್ದದ್ದು ಗುಂಡಿ ಹಚ್ಚಿದ ದಾರದ ಹನ್ನೊಂದು ಪುಟ್ಟ ಗಂಟುಗಳು. ಅಂಗಿಯ ಜೇಬಿನಲ್ಲಿ ಕತ್ತರಿ ಇತ್ತು. ದರ್ಜಿ ಗಂಟುಗಳನ್ನು ನೋಡಿದ, ಹಲ್ಲು ಕಚ್ಚಿದ, ಕಾಲು ಹೆಣೆದುಕೊಂಡ. ಕೊನೆಗೆ ಕಣ್ಣು ಮುಚ್ಚಿ ಕೆಳಗಿನ ಗಂಟಿಗೆ ಕತ್ತರಿ ಇಟ್ಟ.

ಗುಂಡಿ ಹೊರಗೆ ಬಿತ್ತು. ಕೆಸರಿಗೆ ಬಿದ್ದ ಸದ್ದು ಮಾತ್ರ ಬರಲಿಲ್ಲ.

"ಒಂದು," ಎಂದಳು ಹೆಂಡತಿ. ಕೊಡೆಯಡಿ ಕುಕ್ಕರುಗಾಲಲ್ಲಿ ಕೂತು ಅಂಗೈ ಒಡ್ಡಿದ್ದಳು.

ಅವನು ಇನ್ನೊಂದು ಕತ್ತರಿಸಿದ.

"ಎರಡು. ಬೇಗ್ರೀ, ನನ್ ಕಾಲು ಹಿಡ್ಕೊಂತು."

"ನಿನ್ ಕಾಲಂತೆ!" ಎಂದು ಒಳಗಿನಿಂದ ಒಂದು ನರಳಿಕೆ ಬಂತು.

ಏಳನೆಯದು ಬೀಳುತ್ತಲೇ ದರ್ಜಿ ಪಟ್ಟಿಯಡಿಯಿಂದ ನುಸುಳಿ, ಹೆಂಡತಿಯ ಕೈಯಿಂದ ಕೊಡೆ ಕಿತ್ತುಕೊಂಡು ರಬ್ಬರ್ ಮರಗಳ ಕಡೆ ಓಡಿದ. ವ್ಯಾನಿನೊಳಗಿಂದ ಪೋಸ್ಟ್‌ಮ್ಯಾನ್ ಚಪ್ಪಾಳೆ ತಟ್ಟಿದ.

ಅವನು ತಿರುಗಿ ಬಂದಾಗ ಬಿಸಿಲು ಬಿದ್ದಿತ್ತು. ಹೆಂಡತಿ ಡೇರೆಯೊಳಗೆ ಸೂಜಿಗೆ ದಾರ ಪೋಣಿಸಿಕೊಂಡು ಕೂತಿದ್ದಳು. ಅವನು ಎದುರಿಗೆ ಕೂತು, ಸೂಜಿ ಇಸಿದುಕೊಂಡು, ಮೊದಲ ಗುಂಡಿಯನ್ನು ಪಟ್ಟಿಯ ಒಳಮೈಗೆ ಹಚ್ಚತೊಡಗಿದ. ಎರಡು ಗುಂಡಿ ಹಚ್ಚಿ ಮುಗಿಸಿದ.

"ಹಾಗಾದ್ರೆ ನೀಲಿ ಚಡ್ಡಿನೇ ಗತಿ," ಎಂದ ದರ್ಜಿ, ತಲೆ ಎತ್ತದೆ.

"ಯಾರ್ ಹಂಗಂದ್ರು? ಮೂರು ಮಳೆಗೆ ಒಂದು ಹನಿ ಸೋರ್ಲಿಲ್ಲ. ಬರೆಸಿ ಬೋರ್ಡು." ಉಳಿದ ಗುಂಡಿಗಳನ್ನು ಅವಳು ಸೆರಗಿನಿಂದ ಒರೆಸಿ ಅವನ ಮುಂದಿಟ್ಟಳು. "ಆದ್ರೆ ಪ್ರತಿ ಟೆಂಟೂ ಅಂಗಡಿ ಬಿಡೋಕೆ ಮುಂಚೆ ನೀವು ಅದ್ರೊಳಗೆ ಒಂದು ಮಳೆ ಮಲಗ್ಬೇಕು. ಒಂದು ಚೊಂಬು ನೀರು ಕುಡಿದು."

"ನಮ್ಮಲ್ಲಿ ಮಳೆ ಬರೋದೇ ಎರಡು ತಿಂಗಳು ಕಣೇ!"

"ಮಿಕ್ಕ ಹತ್ತು ತಿಂಗಳು ತಾರಸಿ ಮೇಲೆ ನಾನೇ ಕೊಡದಲ್ಲಿ ಹುಯ್ತೀನಿ."

"ಅಕ್ಕ, ನಾನೂ ಬರ್ತೀನಿ!" ಎಂದು ವ್ಯಾನಿನಿಂದ ಕೂಗು ಕೇಳಿತು. "ಭಾನುವಾರ ರಜಾ ನಂಗೆ!"

ದರ್ಜಿ ಹಲ್ಲಲ್ಲೇ ದಾರ ಕಡಿದು, ಮೂರನೇ ಗುಂಡಿಯನ್ನು ಎಳೆದು ನೋಡಿದ. ಗಟ್ಟಿಯಾಗಿ ಕೂತಿತ್ತು.